ಅಪ್ಪ ದೇಹದಾನದ ಫಾರಂ ತುಂಬಿದ್ದಾರೆ, ಅವ್ವ ಊಟ ಬಿಟ್ಟಿದ್ದಾಳೆ

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಸಿಂಧನೂರು ತಾಲ್ಲೂಕಿನ ಹಳ್ಳಿ, ಒಕ್ಕಲುತನದ ಮನೆ. ಅಪ್ಪನಿಗೆ 74 ವರ್ಷ. ಸಕ್ಕರೆ ಕಾಯಿಲೆ ಬಹಳ ವರ್ಷದ್ದು, ಎರಡು ವರ್ಷದ ಹಿಂದೆ ಎಡಗಾಲಿನ ಹೆಬ್ಬೆರಳು ತೆಗೆದಿದ್ದಾರೆ. ಹೋದ ತಿಂಗಳು ರಾಯಚೂರಿಗೆ ಹೋದವರು ದೇಹದಾನದ ಫಾರಂ ತುಂಬಿ ಬಂದರು. ಸಾಕ್ಷಿ ಹಾಕಿದ್ದು ಅವರ ಗೆಳೆಯರಿಬ್ಬರು, ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಗೊತ್ತಾದ ದಿನದಿಂದ ಅವ್ವ ಸರಿಯಾಗಿ ಊಟ ಮಾಡುತ್ತಿಲ್ಲ. ‘ಹೆಣಾನ ಆಸಿಡ್ಡಿನಾಗ ಹಾಕ್ತಾರಂತ, ಎಲುಬು ಮಾರ್ಕೊಂತಾರಂತ, ಮಣ್ಣು ಕಾಣದಿದ್ರ ಜೀವಕ್ಕ ಮುಕ್ತಿ ಎಲ್ಲೈತಿ’ ಅಂತಾಳೆ. ನಾವು ಲಿಂಗಾಯತರು, ಕುಂದರಿಸಿ ಮಣ್ಣು ಮಾಡುವ ಪದ್ಧತಿ. ಬೆಂಗಳೂರಿನ ಅಣ್ಣ, ಫಾರಂ ಆದಮೇಲೆ ಕಾನೂನಿನ ಪ್ರಕಾರ ಕೊಡಲೇಬೇಕು ಅಂತಾನೆ. ಬೆರಳಿಲ್ಲದ ದೇಹ ತಗೋತಾರಾ? ಬೇಸಿಗೆಯಲ್ಲಿ ರಾತ್ರಿ ಹೊತ್ತು ಹೋದರೆ ಏನು ಮಾಡಬೇಕು? ಕಣ್ಣು ಕೊಟ್ಟರೆ ದೇಹ ಬೇಡ ಅಂತಾರಾ?

ಉತ್ತರ: ಮೊದಲು ನಿಮ್ಮ ಅಣ್ಣನ ಮಾತು ತೆಗೆದುಕೊಳ್ಳುತ್ತೇನೆ, ಏಕೆಂದರೆ ಮನೆಯಲ್ಲಿ ಜಗಳ ಹೆಚ್ಚಿಸುತ್ತಿರುವುದು ಅದೇ. ಅವರು ಹೇಳಿದ್ದು ತಪ್ಪು. ದೇಹದಾನದ ಫಾರಂ ಜಮೀನಿನ ಕ್ರಯಪತ್ರ ಇದ್ದಂತಲ್ಲ, ಅದು ನಿಮ್ಮ ತಂದೆಯ ಇಚ್ಛೆಯ ಕಾಗದ ಅಷ್ಟೆ. ನಮ್ಮ ರಾಜ್ಯದಲ್ಲಿ ವೈದ್ಯಕೀಯ ಕಾಲೇಜುಗಳಿಗೆ ದೇಹ ಒದಗುವುದು 1957ರ ಅಂಗರಚನಾಶಾಸ್ತ್ರ (ಅನಾಟಮಿ) ಕಾಯ್ದೆಯ ಅಡಿಯಲ್ಲಿ. ವಾರಸುದಾರರಿಲ್ಲದ ಶವಗಳ ವಿಷಯ ಬೇರೆ. ಮನೆ-ಮಂದಿ ಇರುವವರ ದೇಹವನ್ನು ಉಸಿರು ನಿಂತ ಮೇಲೆ ಕೊಡಬೇಕಾದವರು ಮನೆಯವರೇ. ಕಾಲೇಜಿನವರು ಫಾರಂ ಹಿಡಿದುಕೊಂಡು ಮನೆಗೆ ಬರುವುದಿಲ್ಲ, ಕೊಡದಿದ್ದರೆ ದಂಡವೂ ಇಲ್ಲ, ಕೇಸೂ ಇಲ್ಲ. ಇನ್ನೂ ಒಂದು ಮಾತು: ಶವ ಇಳಿಸಿಕೊಳ್ಳುವ ಹೊತ್ತಿಗೆ ಹೆಂಡತಿಯೋ ಮಗನೋ ಒಬ್ಬರು ‘ಬೇಡ’ ಎಂದರೆ, ಕಾಲೇಜಿನಲ್ಲಿ ದೇಹದ ರಚನೆ ಕಲಿಸುವ ಅಂಗರಚನಾ ವಿಭಾಗದವರು ಸಾಮಾನ್ಯವಾಗಿ ಕೈ ಮುಗಿದು ವಾಪಸ್ ಕಳಿಸುತ್ತಾರೆ. ಹೆಣದ ಮುಂದೆ ವ್ಯಾಜ್ಯ ಯಾರಿಗೂ ಬೇಡ. ಗೆಳೆಯರಿಬ್ಬರ ಸಾಕ್ಷಿ ಇರುವ ನಿಮ್ಮ ಫಾರಂ ಈ ದೃಷ್ಟಿಯಿಂದ ತೀರಾ ದುರ್ಬಲ. ನಿಮ್ಮ ತಾಯಿಯ ಒಪ್ಪಿಗೆ ಆ ಕಾಗದಕ್ಕಿಂತ ದೊಡ್ಡದು ಅನ್ನುವುದನ್ನು ಅವರಿಗೇ ಮೊದಲು ತಿಳಿಸಿ. ಅರ್ಧ ಭಯ ಅಲ್ಲಿಗೇ ಇಳಿದೀತು.

ಇನ್ನು ಆಸಿಡ್. ಶವಾಗಾರದಲ್ಲಿ ಬಳಸುವುದು ಫಾರ್ಮಲಿನ್. ನೀರಿನಲ್ಲಿ ಕರಗಿದ 37ರಿಂದ 40 ಶೇಕಡಾ ಫಾರ್ಮಾಲ್ಡಿಹೈಡ್ ಅನಿಲ ಅದು. ಆಸಿಡ್ ಮಾಂಸವನ್ನು ಕರಗಿಸಿದರೆ ಇದು ಉಲ್ಟಾ ಕೆಲಸ ಮಾಡುತ್ತದೆ. ಕುದಿಯುವ ನೀರಿಗೆ ಬಿದ್ದ ಮೊಟ್ಟೆಯ ಬಿಳಿ ಹೇಗೆ ಗಟ್ಟಿಯಾಗುತ್ತದೋ ಹಾಗೆ ಮೈಯ ಪ್ರೋಟೀನುಗಳನ್ನು ಒಂದಕ್ಕೊಂದು ಕಟ್ಟಿ ಗಟ್ಟಿ ಮಾಡುತ್ತದೆ, ಬ್ಯಾಕ್ಟೀರಿಯಾಗಳಿಗೆ ತಿನ್ನಲು ಏನೂ ಸಿಗದಂತೆ ಮಾಡುತ್ತದೆ. ಇದರ ಘಾಟಿಗೆ ಕಣ್ಣಲ್ಲಿ ನೀರು ಬರುತ್ತದೆ, ದೀರ್ಘಕಾಲ ಉಸಿರಾಡಿದರೆ ಕ್ಯಾನ್ಸರ್ ಅಪಾಯವೂ ಉಂಟು. ಆದರೆ ಆ ಅಪಾಯ ಅಲ್ಲಿ ಕೆಲಸ ಮಾಡುವ ನಮ್ಮಂಥವರಿಗೆ, ಟೇಬಲ್ ಮೇಲೆ ಮಲಗಿದವರಿಗಲ್ಲ.

ಕೆಲಸ ನಡೆಯುವುದು ಹೀಗೆ. ದೇಹವನ್ನು ತೊಳೆದು, ಅಂಗಾತ ಮಲಗಿಸಿ, ತೊಡೆಸಂದಿಯ ಸ್ವಲ್ಪ ಕೆಳಗೆ ಎರಡು-ಮೂರು ಅಂಗುಲದ ಒಂದು ಗಾಯ ಮಾಡಿ ತೊಡೆಯ ದೊಡ್ಡ ಅಪಧಮನಿಯನ್ನು (ಹೃದಯದಿಂದ ರಕ್ತ ಒಯ್ಯುವ ನಾಳ) ಹುಡುಕುತ್ತಾರೆ. ಅದರಲ್ಲಿ ಸಣ್ಣ ಸೀಳು ಕೊಟ್ಟು, ಹೃದಯದ ಕಡೆಗೆ ಮುಖ ಮಾಡಿ ಒಂದು ನಳಿಗೆ ತೂರಿಸಿ ದಾರದಿಂದ ಬಿಗಿಯುತ್ತಾರೆ. ಆಳೆತ್ತರಕ್ಕಿಂತ ಮೇಲೆ ತೂಗುಹಾಕಿದ ಕ್ಯಾನಿನಿಂದ, ಇಲ್ಲವೇ ಪಂಪಿನಿಂದ ದ್ರವ ಇಳಿಯುತ್ತದೆ. ಒಬ್ಬ ವಯಸ್ಕನಿಗೆ ಸುಮಾರು ಹತ್ತು ಲೀಟರ್ ಬೇಕು. ಅಳತೆ ಒಂದೊಂದು ಕಾಲೇಜಿನಲ್ಲಿ ಒಂದೊಂದು ಥರ. ಅಂದಾಜಿಗೆ ಒಂದರಿಂದ ಒಂದೂವರೆ ಲೀಟರ್ ಫಾರ್ಮಲಿನ್, ಬೂಷ್ಟು ಹಿಡಿಯದಿರಲು ಫಿನಾಲ್, ಚರ್ಮ ಒಣಗಿ ಬಿರಿಯದಿರಲು ಗ್ಲಿಸರಿನ್, ಒಳಗೆ ಬೇಗ ಹರಡಲು ಸ್ಪಿರಿಟ್, ಉಳಿದದ್ದು ನೀರು. ಬಣ್ಣ ಕಾಣಲೆಂದು ಚಿಟಿಕೆ ಇಯೋಸಿನ್ ಹಾಕುವುದುಂಟು. ಅವಸರ ಮಾಡಿ ಒತ್ತಡ ಹೆಚ್ಚಿಸಿದರೆ ಸಣ್ಣ ರಕ್ತನಾಳಗಳು ಒಡೆದು ಮುಖ ಊದುತ್ತದೆ, ಹಾಗಾಗಿ ಇದು ಕೆಲವು ಗಂಟೆಗಳ ಕೆಲಸ. ಹಣೆಯ ಪಕ್ಕದ ರಕ್ತನಾಳ ತುಂಬಿಕೊಂಡರೆ, ಕಿವಿಹಾಲೆ ಮತ್ತು ಬೆರಳ ತುದಿ ಬಿಗಿದುಕೊಂಡರೆ ದ್ರವ ತಲುಪಿತು ಎಂದು ಲೆಕ್ಕ. ಮೈಭಾರ ಒತ್ತಿಕೊಂಡಿರುವ ಬೆನ್ನು, ಪಿರ್ರೆಗೆ ಸರಿಯಾಗಿ ಹೋಗಿರುವುದಿಲ್ಲ. ಅಲ್ಲಿಗೆ ಸಿರಿಂಜಿನಿಂದ ಕೊಡಬೇಕು. ಆಮೇಲೆ ಫಾರ್ಮಲಿನ್ ನೀರಿನ ತೊಟ್ಟಿಯಲ್ಲಿ ತಿಂಗಳುಗಟ್ಟಲೆ ಇಡುತ್ತಾರೆ. ನಿಮ್ಮ ತಾಯಿ ಕೇಳಿದ ‘ಆಸಿಡ್’ ಬಹುಶಃ ಈ ತೊಟ್ಟಿಯೇ.

ಎಲುಬು ಮಾರುವ ಮಾತಿಗೆ ಮಾತ್ರ ಒಂದು ಬೇರಿದೆ, ಅದನ್ನು ಸುಳ್ಳೆಂದು ತಳ್ಳಿಹಾಕಲಾರೆ. ಹಿಂದೆ ಭಾರತದಿಂದ ಹೊರದೇಶಗಳಿಗೆ ಮನುಷ್ಯರ ಅಸ್ಥಿಪಂಜರ ರಫ್ತಾಗುತ್ತಿತ್ತು. ಸರ್ಕಾರ ಅದನ್ನು ನಿಷೇಧಿಸಿದ್ದು 1985ರಲ್ಲಿ. ಆ ಕಾಲದ ಸುದ್ದಿ ಹಳ್ಳಿ ಕಟ್ಟೆಗಳಲ್ಲಿ ಇನ್ನೂ ಓಡಾಡುತ್ತಿದೆ. ಇವತ್ತು ಕಾಲೇಜಿಗೆ ಬಂದ ದೇಹಕ್ಕೆ ರಿಜಿಸ್ಟರಿನಲ್ಲಿ ಒಂದು ನಂಬರ್ ಬೀಳುತ್ತದೆ. ಆ ನಂಬರಿನ ಬಿಲ್ಲೆ ದೇಹದ ಜೊತೆಗೇ ಇರುತ್ತದೆ. ದಾನಕ್ಕೆ ಹಣ ಕೊಡುವುದೂ ಇಲ್ಲ, ತೆಗೆದುಕೊಳ್ಳುವುದೂ ಇಲ್ಲ. ಯಾರಾದರೂ ಮಧ್ಯೆ ನಿಂತು ‘ಇಷ್ಟು ಖರ್ಚಾಗುತ್ತದೆ’ ಎಂದರೆ ಅಲ್ಲಿಂದ ಎದ್ದು ಬನ್ನಿ.

ಹಾಗಾದರೆ ಅಲ್ಲಿ ಏನಾಗುತ್ತದೆ? ಎಂಬಿಬಿಎಸ್ ಮೊದಲ ವರ್ಷದ ಮಕ್ಕಳು ಒಂದು ಟೇಬಲ್ ಸುತ್ತ ಹತ್ತು-ಹದಿನೈದು ಜನ ನಿಂತು ಚರ್ಮ, ಕೊಬ್ಬು, ಸ್ನಾಯು, ನರ ಹೀಗೆ ಪದರ ಪದರವಾಗಿ ಬಿಡಿಸುತ್ತ ವರ್ಷಪೂರ್ತಿ ಕಲಿಯುತ್ತಾರೆ. 2019ರಿಂದ ಜಾರಿಯಲ್ಲಿರುವ ಪಠ್ಯಕ್ರಮದಲ್ಲಿ ‘ಶವವೇ ನಮ್ಮ ಮೊದಲ ಗುರು’ ಎಂಬ ಅರ್ಥದ ಪಾಠವೇ ಇದೆ. ಅನೇಕ ಕಾಲೇಜುಗಳಲ್ಲಿ ಕತ್ತರಿ ಹಿಡಿಯುವ ಮೊದಲು ಪ್ರಮಾಣ ಮಾಡಿಸುತ್ತಾರೆ. ಈಗ ಕಂಪ್ಯೂಟರ್ ಟೇಬಲ್ ಬಂದಿದೆ, ದೇಹ ಯಾಕೆ ಬೇಕು ಎಂದು ಕೇಳುವವರಿದ್ದಾರೆ. ಕಂಪ್ಯೂಟರಿನಲ್ಲಿ ಎಲ್ಲರ ಕೈಯೂ ಒಂದೇ ಥರ. ನಿಜವಾದ ಮನುಷ್ಯರಲ್ಲಿ ಕೆಲವರಿಗೆ ಮೊಣಕೈ ಹತ್ತಿರ ಕವಲೊಡೆಯಬೇಕಾದ ಅಪಧಮನಿ ಕಂಕುಳ ಬಳಿಯೇ ಎರಡಾಗಿ, ಅದರಲ್ಲೊಂದು ಚರ್ಮದ ಕೆಳಗೇ ಇಳಿದು ಬರುತ್ತದೆ. ನೋಡಲು, ಇಂಜೆಕ್ಷನ್ ಕೊಡುವ ಅಭಿಧಮನಿಯ ಹಾಗೇ ಇರುತ್ತದೆ. ಗೊತ್ತಿಲ್ಲದ ಡಾಕ್ಟರ್ ಅಲ್ಲಿ ಇಂಜೆಕ್ಷನ್ ಚುಚ್ಚಿದರೆ ರೋಗಿಯ ಬೆರಳುಗಳೇ ಹೋಗಬಹುದು. ಇದನ್ನು ಟೇಬಲ್ ಮೇಲೆ ಒಮ್ಮೆ ಕೈಯಾರೆ ಬಿಡಿಸಿ ನೋಡಿದವನು ಸೂಜಿ ಚುಚ್ಚುವ ಮೊದಲು ನಾಡಿ ಮುಟ್ಟಿ ನೋಡುತ್ತಾನೆ.

ಬಿಡಿಸಿದ ಮೇಲೆ ಒಳ್ಳೆಯ ಭಾಗಗಳು ಗಾಜಿನ ಜಾಡಿಗಳಲ್ಲಿ ಮ್ಯೂಸಿಯಂ ಸೇರುತ್ತವೆ, ಎಲುಬುಗಳು ಪಾಠಕ್ಕೆ ಉಳಿಯಬಹುದು. ಮಿಕ್ಕ ಮೆದು ಭಾಗಗಳನ್ನು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ಸುಡುತ್ತಾರೆ ಅಥವಾ ಆಳವಾಗಿ ಹೂಳುತ್ತಾರೆ. ದೇಹ ಇಡಿಯಾಗಿ ಮನೆಗೆ ವಾಪಸ್ ಬರುವುದಿಲ್ಲ. ಇದನ್ನು ತಾಯಿಗೆ ಮುಚ್ಚಿಡಬೇಡಿ. ‘ಕೊನೆಗೆ ಏನು ಮಾಡುತ್ತೀರಿ, ಅಸ್ಥಿ ಕೇಳಿದರೆ ಕೊಡುತ್ತೀರಾ’ ಎಂದು ವಿಭಾಗದ ಮುಖ್ಯಸ್ಥರನ್ನೇ ಕೇಳಿ. ಒಂದೊಂದು ಕಡೆ ಒಂದೊಂದು ಪದ್ಧತಿ. ಸಾಧ್ಯವಾದರೆ ಬರಹದಲ್ಲಿ ಪಡೆಯಿರಿ.

ಮುಕ್ತಿಯ ಪ್ರಶ್ನೆ ನನ್ನ ಕಸುಬಿನದಲ್ಲ, ಅದಕ್ಕೆ ನಿಮ್ಮ ಮನೆಯ ಅಯ್ಯನವರೇ ಸರಿ. ಇಷ್ಟು ಮಾತ್ರ ಹೇಳಬಲ್ಲೆ: ಸತ್ತವರನ್ನು ಕಳಿಸಿಕೊಡುವ ರೀತಿ ಈ ನೆಲದಲ್ಲೇ ಎಷ್ಟೋ ಸಲ ಬದಲಾಗಿದೆ. ಗಂಗಾವತಿ ಹತ್ತಿರದ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಕಲ್ಲುಚಪ್ಪಡಿಯ ಮನೆಗಳಂಥ ನೂರಾರು ಸಮಾಧಿಗಳಿವೆ. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ ಅದಕ್ಕೂ ಹಿಂದಿನ ಜನ ಎಳೆಮಕ್ಕಳನ್ನು ಮಡಕೆಯಲ್ಲಿಟ್ಟು ಹೂಳುತ್ತಿದ್ದರು. ಮೈ ಸಿಗದೆ ಹೋದವರಿಗೆ ದರ್ಭೆಯ ಬೊಂಬೆ ಮಾಡಿ ಕರ್ಮ ಮುಗಿಸುವ ವಾಡಿಕೆ ನಮ್ಮ ನೆರೆಹೊರೆಯ ಸಮುದಾಯಗಳಲ್ಲಿ ಇದ್ದೇ ಇದೆ. ಲಿಂಗಾಯತ ಮನೆತನದ ಉದಾಹರಣೆಯೇ ಬೇಕಿದ್ದರೆ ಬೆಳಗಾವಿ ಕಡೆ ನೋಡಿ. ಶರೀರ ರಚನಾಶಾಸ್ತ್ರ ಕಲಿಸುವ ಡಾ. ಮಹಾಂತೇಶ ರಾಮಣ್ಣವರ 2010ರಲ್ಲಿ ತಮ್ಮ ತಂದೆಯ ದಾನವಾದ ದೇಹವನ್ನು ತಾವೇ ವಿದ್ಯಾರ್ಥಿಗಳ ಮುಂದೆ ಛೇದಿಸಿ ಪಾಠ ಮಾಡಿದರು, ತಂದೆಯ ಇಚ್ಛೆಯೂ ಅದೇ ಆಗಿತ್ತು. ಇಷ್ಟಲಿಂಗ ಯಾರು ತೆಗೆದುಕೊಳ್ಳಬೇಕು, ಮೂರನೆಯ ದಿನ ಏನು ಮಾಡಬೇಕು ಎನ್ನುವುದನ್ನು ಈಗಲೇ ಅಯ್ಯನವರ ಬಳಿ ಕೇಳಿಟ್ಟುಕೊಳ್ಳಿ. ಆ ಹೊತ್ತಿನಲ್ಲಿ ಕೇಳಿದರೆ ಹತ್ತು ಜನ ಹತ್ತು ಥರ ಹೇಳುತ್ತಾರೆ.

ನಿಮ್ಮ ಪತ್ರದಲ್ಲಿ ‘ಕುಂದರಿಸಿ’ ಎಂಬ ಒಂದು ಪದ ಇದೆ. ನೀವು ಅದನ್ನು ಪದ್ಧತಿ ತಿಳಿಸಲು ಬರೆದಿದ್ದೀರಿ, ನನಗೆ ಅದೇ ದೊಡ್ಡ ಪ್ರಾಯೋಗಿಕ ವಿಷಯ. ಸ್ನಾಯು ಬಿಗಿಯಲು ಮಾತ್ರವಲ್ಲ, ಸಡಿಲಾಗಲೂ ಎಟಿಪಿ ಎಂಬ ಇಂಧನ ಬೇಕು. ಸತ್ತ ಮೇಲೆ ಅದು ತೀರುತ್ತದೆ, ಸ್ನಾಯು ಇದ್ದ ಭಂಗಿಯಲ್ಲೇ ಸೆಟೆದುಕೊಳ್ಳುತ್ತದೆ. ನಮ್ಮ ಕಡೆಯ ಬಿಸಿಲಿಗೆ ಒಂದೆರಡು ಗಂಟೆಯೊಳಗೆ ರೆಪ್ಪೆ, ದವಡೆಯಿಂದ ಶುರುವಾಗಿ ಆರು ಗಂಟೆಯ ಹೊತ್ತಿಗೆ ಇಡೀ ಮೈ ಕೊರಡಾಗುತ್ತದೆ. ದರ್ಶನಕ್ಕೆಂದು ಗೋಡೆಗೆ ಒರಗಿಸಿ, ಪದ್ಮಾಸನ ಹಾಕಿಸಿ, ವಿಭೂತಿ ಹಚ್ಚಿ ಕೂರಿಸಿದ ದೇಹ ಆ ಭಂಗಿಯಲ್ಲೇ ಕಾಲೇಜಿಗೆ ಬಂದರೆ ಟೇಬಲ್ ಮೇಲೆ ಮಲಗಿಸಲು ಬರುವುದಿಲ್ಲ. ತೊಡೆಸಂದಿ ಮಡಚಿಕೊಂಡಿರುವುದರಿಂದ ಅಪಧಮನಿ ಸಿಗುವುದಿಲ್ಲ. ಕುತ್ತಿಗೆ ಬಾಗಿದ್ದರೆ ತಲೆಗೆ ದ್ರವ ಹೋಗುವುದಿಲ್ಲ. ಬಲವಂತದಿಂದ ಬಿಡಿಸಿದರೆ ಕೀಲು, ಸ್ನಾಯು ಹರಿಯುತ್ತವೆ. ಆದ್ದರಿಂದ ದಾನ ಮಾಡುವುದೇ ಆದರೆ ಮೊದಲ ನಿಮಿಷದಿಂದ ಅಂಗಾತ ಮಲಗಿಸಿ, ಕೈಕಾಲು ನೀಟಾಗಿ ಚಾಚಿ, ಗದ್ದಕ್ಕೆ ಬಟ್ಟೆ ಕಟ್ಟಿ, ತಲೆ ತುಸು ಎತ್ತರದಲ್ಲಿಡಿ. ತಲೆ ತಗ್ಗಿನಲ್ಲಿದ್ದರೆ ರಕ್ತ ಮುಖಕ್ಕಿಳಿದು ಕಪ್ಪಿಡುತ್ತದೆ. ಜಳಕ, ವಿಭೂತಿ, ಹೂವು, ಭಜನೆ ಎಲ್ಲವೂ ಮಲಗಿಸಿದಲ್ಲೇ ಆಗಲಿ, ಯಾವುದಕ್ಕೂ ಅಡ್ಡಿಯಿಲ್ಲ.

ಬೆರಳಿನ ವಿಷಯ. ಒಂದು ಬೆರಳಿಲ್ಲವೆಂದು ಸಾಮಾನ್ಯವಾಗಿ ಬೇಡ ಅನ್ನುವುದಿಲ್ಲ, ಸಕ್ಕರೆ ಕಾಯಿಲೆಯೂ ಅಡ್ಡಿಯಲ್ಲ. ಬಹುಕಾಲದ ಸಕ್ಕರೆಯಲ್ಲಿ ಕಾಲಿನ ನಾಳಗಳು ಕಟ್ಟಿಕೊಂಡಿರುತ್ತವೆ, ಪಾದಕ್ಕೆ ದ್ರವ ಇಳಿಯುವುದಿಲ್ಲ, ಅಲ್ಲಿ ಸಿರಿಂಜಿನಿಂದ ತುಂಬುತ್ತಾರೆ ಅಷ್ಟೆ. ಆದರೆ ಆ ಕಾಲಿಗೆ ಮತ್ತೆ ಗ್ಯಾಂಗ್ರಿನ್ ಆಗಿ ನಂಜು ರಕ್ತಕ್ಕೇರಿ ಸಾವು ಬಂದರೆ ತೆಗೆದುಕೊಳ್ಳುವುದಿಲ್ಲ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಕ್ರಿಯ ಕ್ಷಯ ಇದ್ದವರದೂ ಬೇಡ. ಅದು ಕತ್ತರಿ ಹಿಡಿಯುವ ಮಕ್ಕಳ ಸುರಕ್ಷತೆಯ ಪ್ರಶ್ನೆ. ದೊಡ್ಡ ಹಾಸಿಗೆ ಹುಣ್ಣು, ವಿಪರೀತ ದಪ್ಪ ಮೈ, ಕೊಳೆಯಲು ಶುರುವಾದ ದೇಹ, ಇವಕ್ಕೂ ಇಲ್ಲ ಎನ್ನಬಹುದು. ಎಲ್ಲಕ್ಕಿಂತ ಹೆಚ್ಚು ಜನರಿಗೆ ಗೊತ್ತಿಲ್ಲದ ಕಾರಣ ಪೋಸ್ಟ್‌ಮಾರ್ಟಂ. ಹಾವು ಕಚ್ಚಿ, ಟ್ರ್ಯಾಕ್ಟರ್ ಉರುಳಿ, ಕರೆಂಟ್ ಹೊಡೆದು, ಬೆಳೆಗೆ ಕೀಟನಾಶಕ ಹೊಡೆಯುವಾಗ ವಿಷ ಏರಿ ಸತ್ತರೆ ಪೊಲೀಸ್ ಪಂಚನಾಮೆ, ಪೋಸ್ಟ್‌ಮಾರ್ಟಂ ಆಗಲೇಬೇಕು. ಅಂಗಗಳನ್ನು ಹೊರತೆಗೆದು ಹೊಲಿದ ದೇಹದಲ್ಲಿ ನಾಳಗಳೆಲ್ಲ ತುಂಡಾಗಿರುತ್ತವೆ. ತೂತು ಬಿದ್ದ ಡ್ರಿಪ್ ಪೈಪಿನ ಹಾಗೆ, ಹಾಕಿದ ದ್ರವ ಅಲ್ಲೇ ಸೋರಿಹೋಗುತ್ತದೆ. ಒಕ್ಕಲುತನದ ಮನೆಯವರಾದ್ದರಿಂದ ಇದನ್ನು ಬಿಡಿಸಿ ಹೇಳಿದೆ.

ಈಗ ಬೇಸಿಗೆಯ ರಾತ್ರಿ. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ರಾಯಚೂರು, ಬಳ್ಳಾರಿ, ಕೊಪ್ಪಳ ಮೂರೂ ಜಿಲ್ಲೆಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ರಾತ್ರಿಯೂ ಮನೆಯೊಳಗೆ ಕಾವು ಆರುವುದಿಲ್ಲ. ಕೊಳೆಯುವಿಕೆ ಶುರುವಾಗುವುದು ಹೊರಗಿನಿಂದಲ್ಲ, ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾಗಳಿಂದ. ಬೇಸಿಗೆಯಲ್ಲಿ 12ರಿಂದ 18 ಗಂಟೆಯೊಳಗೆ ಕಿಬ್ಬೊಟ್ಟೆಯ ಬಲಭಾಗದಲ್ಲಿ ಹಸಿರು ಕಲೆ ಕಾಣುತ್ತದೆ. ದೊಡ್ಡ ಕರುಳಿನ ಮೊದಲ ಚೀಲ ಅಲ್ಲೇ ಚರ್ಮಕ್ಕೆ ಹತ್ತಿರ ಇರುವುದು, ಅಲ್ಲಿನ ಗಂಧಕದ ಅನಿಲ ರಕ್ತದ ಜೊತೆ ಸೇರಿ ಆ ಬಣ್ಣ ಬರುತ್ತದೆ. ಆ ಕಲೆ ಕಾಣುವ ಮೊದಲೇ ದ್ರವ ಏರಬೇಕು. ನನ್ನ ಲೆಕ್ಕದಲ್ಲಿ ಬೇಸಿಗೆಯಲ್ಲಿ ಆರರಿಂದ ಎಂಟು ಗಂಟೆಯೊಳಗೆ ಕಾಲೇಜು ಮುಟ್ಟಿಸುವುದು ಒಳ್ಳೆಯದು. ರಾತ್ರಿ ಹೋದರೆ ಗಾಬರಿ ಬೇಡ. ಸಿಂಧನೂರಿನಿಂದ ಫ್ರೀಜರ್ ಬಾಕ್ಸ್ ಬಾಡಿಗೆಗೆ ತರಿಸಿ ಅದರಲ್ಲಿಟ್ಟರೆ ಬೆಳಗಿನವರೆಗೆ ಕಾಯಬಹುದು. ಬಾಕ್ಸ್ ಸಿಗದಿದ್ದರೆ ಐಸ್ ಗಡ್ಡೆಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಹೊಟ್ಟೆ, ತೊಡೆಸಂದಿ, ಕಂಕುಳ ಪಕ್ಕ ಇಡಿ. ನೇರವಾಗಿ ಚರ್ಮಕ್ಕೆ ತಾಗಿಸಬೇಡಿ, ನೀರು ನಿಂತರೆ ಚರ್ಮ ಬೆಂದು ಸುಲಿಯುತ್ತದೆ. ಬೆಂಗಳೂರಿನ ಅಣ್ಣ ಬಂದು ಮುಖ ನೋಡಲಿ ಎಂದು ಮರುದಿನ ಸಂಜೆವರೆಗೆ ಚಪ್ಪರದಲ್ಲಿಟ್ಟರೆ ಮಾತ್ರ ದಾನ ಕೈಬಿಟ್ಟಂತೆಯೇ.

ನಿಮ್ಮ ಊರಿಗೆ ಒಂದು ಅನುಕೂಲ ಇದೆ. ಸಿಂಧನೂರಿನಿಂದ ರಾಯಚೂರು, ಬಳ್ಳಾರಿ, ಕೊಪ್ಪಳ ಮೂರೂ ಹೆಚ್ಚುಕಡಿಮೆ ತೊಂಬತ್ತು ಕಿಲೋಮೀಟರಿನ ಆಸುಪಾಸು. ರಾಯಚೂರಿನಲ್ಲಿ ರಿಮ್ಸ್ ಮತ್ತು ನವೋದಯ, ಬಳ್ಳಾರಿಯಲ್ಲಿ ಜನ ವಿಮ್ಸ್ ಎಂದೇ ಕರೆಯುವ 1961ರ ಸರ್ಕಾರಿ ಕಾಲೇಜು, ಕೊಪ್ಪಳದಲ್ಲಿ ಕಿಮ್ಸ್, ಇವೆಲ್ಲ ವೈದ್ಯಕೀಯ ಕಾಲೇಜುಗಳು. ಬಳ್ಳಾರಿಯ ತಾರಾನಾಥ ಸರ್ಕಾರಿ ಆಯುರ್ವೇದ ಕಾಲೇಜೂ ಇದೆ. ಆಯುರ್ವೇದದ ಮಕ್ಕಳಿಗೂ ಶರೀರ ರಚನೆ ಕಲಿಯಲು ದೇಹ ಬೇಕು. ಫಾರಂ ಒಂದು ಕಡೆ ತುಂಬಿದ್ದರೂ ಅಲ್ಲಿ ತೊಟ್ಟಿ ಭರ್ತಿ ಇದ್ದರೆ, ಹಬ್ಬದ ರಜೆಯಿದ್ದರೆ ಇನ್ನೊಂದು ಕಡೆ ಕೇಳಬಹುದು. ಈಗಲೇ ಎರಡು ಕಡೆಯ ಅಂಗರಚನಾ ವಿಭಾಗಕ್ಕೆ ಹೋಗಿ, ರಾತ್ರಿ ಮತ್ತು ಭಾನುವಾರ ಯಾರು ಫೋನ್ ಎತ್ತುತ್ತಾರೆ ಎಂದು ಕೇಳಿ ನಂಬರ್ ಬರೆದುಕೊಳ್ಳಿ. ವಾಹನ ಬಹುಮಟ್ಟಿಗೆ ನಿಮ್ಮದೇ ಆಗಬೇಕಾಗುತ್ತದೆ. ಹೊರಡುವ ಮುಂಚೆ ಫೋನ್ ಮಾಡದೆ ಹೋಗಿ ಬಾಗಿಲಲ್ಲಿ ಕಾಯುವ ಸಂಕಟ ಬೇಡ.

ಕಾಗದಪತ್ರದಲ್ಲಿ ಎಡವುವುದು ಒಂದೇ ಕಡೆ, ಸಾವಿನ ಕಾರಣದ ವೈದ್ಯಕೀಯ ಪ್ರಮಾಣಪತ್ರ. ಆಸ್ಪತ್ರೆಯಲ್ಲಿ ತೀರಿಕೊಂಡರೆ ಅವರೇ ಫಾರಂ 4 ಕೊಡುತ್ತಾರೆ. ಮನೆಯಲ್ಲಾದರೆ ಕೊನೆಯ ಕಾಯಿಲೆಗೆ ಚಿಕಿತ್ಸೆ ಕೊಟ್ಟ ನೋಂದಾಯಿತ ವೈದ್ಯರು ಫಾರಂ 4ಎ ಕೊಡಬೇಕು, ಅದೂ ಉಚಿತವಾಗಿ. ವೈದ್ಯ ಪದವಿಯಿಲ್ಲದೆ ಔಷಧಿ ಕೊಡುವ ಊರಿನ ‘ಆರ್‌ಎಂಪಿ’ ಬರೆದ ಚೀಟಿ ನಡೆಯುವುದಿಲ್ಲ. ಆದ್ದರಿಂದ ನಿಮ್ಮ ತಂದೆ ಸಕ್ಕರೆಗೆ ತೋರಿಸುವ ಎಂಬಿಬಿಎಸ್ ಡಾಕ್ಟರ ಬಳಿ ಮೂರು-ನಾಲ್ಕು ತಿಂಗಳಿಗೊಮ್ಮೆ ಹೋಗಿಬಂದು ಚೀಟಿಗಳನ್ನು ಇಟ್ಟುಕೊಳ್ಳಿ, ದಾನದ ವಿಷಯವನ್ನೂ ಅವರಿಗೆ ಹೇಳಿಡಿ. ಜೊತೆಗೆ ತಂದೆಯ ಮತ್ತು ಕೊಡುವವರ ಆಧಾರ್ ಪ್ರತಿ, ದಾನದ ಫಾರಂ, ಫೋಟೊ. ಎಲ್ಲ ಒಂದು ಕವರಿನಲ್ಲಿ ಇರಲಿ, ಬೀರುವಿನ ಬೀಗದೊಳಗೆ ಬೇಡ.

ಕಣ್ಣು ಕೊಟ್ಟರೆ ದೇಹ ಬೇಡ ಅನ್ನುವುದಿಲ್ಲ, ಅಂಗರಚನಾ ವಿಭಾಗದವರು ಸಾಮಾನ್ಯವಾಗಿ ಒಪ್ಪುತ್ತಾರೆ. ಕಣ್ಣಿಗೆ ಆರು ಗಂಟೆಯ ಗಡುವು, ನಮ್ಮ ಬಿಸಿಲಿಗೆ ಇನ್ನೂ ಬೇಗ ಆದರೆ ಒಳ್ಳೆಯದು. ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ಫ್ಯಾನ್ ಆರಿಸಿ. ಫ್ಯಾನ್ ಗಾಳಿಗೆ ಕಾರ್ನಿಯಾ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ಒಣಗಿದರೆ ಯಾರಿಗೂ ಉಪಯೋಗವಿಲ್ಲ. ತಂಡ ಮನೆಗೇ ಬಂದು 15-20 ನಿಮಿಷದಲ್ಲಿ ಮುಗಿಸುತ್ತದೆ, ಮುಖ ವಿಕಾರವಾಗುವುದಿಲ್ಲ. ಸಕ್ಕರೆ, ಬಿಪಿ, ಕನ್ನಡಕ, ಪೊರೆಯ ಆಪರೇಷನ್ ಯಾವುದೂ ಅಡ್ಡಿಯಿಲ್ಲ. 2021ರಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ಎರಡು ಕಣ್ಣಿನ ಕಾರ್ನಿಯಾಗಳನ್ನು ಮುಂದಿನ ಪದರ, ಹಿಂದಿನ ಪದರ ಎಂದು ಬೇರ್ಪಡಿಸಿ ನಾಲ್ವರಿಗೆ ದೃಷ್ಟಿ ಕೊಟ್ಟಿದ್ದು ನಿಮಗೆ ನೆನಪಿರಬಹುದು. ಕಿಡ್ನಿ, ಲಿವರ್ ಮಾತ್ರ ಬೇರೆ ದಾರಿ. ಅವನ್ನು ಸಾಮಾನ್ಯವಾಗಿ ಆಸ್ಪತ್ರೆಯಲ್ಲಿ ಮೆದುಳು ಸತ್ತು ಹೃದಯ ಇನ್ನೂ ಬಡಿಯುತ್ತಿರುವಾಗ ತೆಗೆಯುತ್ತಾರೆ. ಅಂಗಗಳನ್ನು ಕೊಟ್ಟ ಮೇಲೆ ದೇಹವನ್ನು ಸಾಮಾನ್ಯವಾಗಿ ಪಾಠಕ್ಕೆ ತೆಗೆದುಕೊಳ್ಳುವುದಿಲ್ಲ.

ನಿಮ್ಮ ಮುಂದೆ ಇರುವ ದಾರಿಗಳಲ್ಲಿ ನನ್ನನ್ನು ಕೇಳಿದರೆ, ತಾಯಿ ಒಪ್ಪದಿದ್ದರೆ ಕಣ್ಣು ಕೊಟ್ಟು ಪದ್ಧತಿ ಪ್ರಕಾರ ಕುಂದರಿಸಿ ಮಣ್ಣು ಮಾಡುವುದು ಸೋಲೇನಲ್ಲ. ತಂದೆಯ ಆಸೆಯೂ ಒಂದಿಷ್ಟು ನಡೆಯುತ್ತದೆ, ತಾಯಿಯ ಮನಸ್ಸೂ ಮುರಿಯುವುದಿಲ್ಲ. ತಾಯಿಗೆ ತಿಳಿಸದೆ, ಅವರು ಅಳುತ್ತಿರುವಾಗಲೇ ದೇಹ ಸಾಗಿಸುವ ದಾರಿ ಮಾತ್ರ ಹಿಡಿಯಬೇಡಿ. ವರ್ಷಗಟ್ಟಲೆ ಮನೆಯನ್ನು ಕೊರೆಯುವುದು ಅದು. ಅವರು ಒಪ್ಪಿದರೆ ಹೊಸ ಫಾರಂ ತಂದು ಸಾಕ್ಷಿಯ ಜಾಗದಲ್ಲಿ ಅವರದೇ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿ, ಅಣ್ಣನದೂ ಇರಲಿ. ಒಪ್ಪಿದ ಮೇಲೂ ಕಾಲೇಜು ಬೇಡ ಎನ್ನುವ ಸಂದರ್ಭ ಉಂಟಲ್ಲ, ಅದಕ್ಕೆ ಮಣ್ಣಿನ ಜಾಗ ಎಲ್ಲಿ, ಗುಂಡಿ ತೋಡುವವರು ಯಾರು ಎಂದು ಮೊದಲೇ ಮಾತಾಡಿಟ್ಟುಕೊಳ್ಳಿ.

ದೇಹ ಒಪ್ಪಿಸಿದ ಮೇಲೆ ವಿಭಾಗದಿಂದ ಸ್ವೀಕೃತಿ ಪತ್ರ ಪಡೆಯದೆ ಬರಬೇಡಿ. ಮಸಣಕ್ಕೆ ಹೋಗದ ಸಾವಿಗೆ ಮುಂದೆ ಪಿಂಚಣಿ, ಪಹಣಿ, ಬ್ಯಾಂಕ್ ಖಾತೆ ಬದಲಾವಣೆಯಲ್ಲಿ ‘ಎಲ್ಲಿ ಮಣ್ಣು ಮಾಡಿದಿರಿ’ ಎಂದು ಕೇಳುವವರಿಗೆ ತೋರಿಸಲು ಅದು ಬೇಕಾಗುತ್ತದೆ. ಫಾರಂ 4ಎ ಪ್ರತಿಯೊಂದಿಗೆ 21 ದಿನದೊಳಗೆ ಮರಣ ನೋಂದಣಿ ಮಾಡಿಸಿ. ಸಾವು ಸಂಭವಿಸಿದ ಊರಲ್ಲೇ ಅದು ಆಗಬೇಕು, ದೇಹ ಕೊಟ್ಟ ಊರಲ್ಲಲ್ಲ.